ವಿಳಾಸವೂ ಕಡತವೂ: ಲಿನಕ್ಸ್ ಕರ್ನೆಲ್‌ನ ಎರಡು ಕಟ್ಟಳೆಗಳ ಚರಿತ್ರೆ

ಲಿನಕ್ಸ್ ಕರ್ನೆಲ್‌ಗೆ ಡ್ರೈವರ್ ಬರೆಯಲು ಹೊಸದಾಗಿ ತೊಡಗಿದವನ ಮನಸ್ಸಿನಲ್ಲಿ ಎರಡು ಇಚ್ಛೆಗಳು ಬಹುಬೇಗ ಅಂಕುರಿಸುವುವು: ಯಂತ್ರಕ್ಕೆ ಜೋಡಿಸಿದ ಸಾಧನದ ಮೆಮೊರಿಯನ್ನು ನೇರವಾಗಿ ಓದಬೇಕೆಂಬುದೊಂದು, ಓದಿದುದನ್ನು ಅಲ್ಲಿಂದಲೇ ಒಂದು ಕಡತಕ್ಕೆ ಬರೆದಿಡಬೇಕೆಂಬುದು ಇನ್ನೊಂದು. ಎರಡೂ ಸಹಜವಾದುವೇ. ಸಾಧನದ ಮೆಮೊರಿಗೆ ವಿಳಾಸವುಂಟು, ವಿಳಾಸವನ್ನು ಹಿಡಿಯಲು ಸಿ ಭಾಷೆಯಲ್ಲಿ ಪಾಯಿಂಟರ್ ಉಂಟು; ಕಡತಗಳನ್ನು ತೆರೆದು ಬರೆದು ಮುಚ್ಚುವ ಕೆಲಸವನ್ನು ಸಕಲ ಪ್ರೋಗ್ರಾಮುಗಳಿಗೂ ಮಾಡಿಕೊಡುತ್ತಿರುವುದು ಕರ್ನೆಲ್ಲೇ ಆಗಿರುವಾಗ, ತನ್ನ ಕಡತವನ್ನು ತಾನು ಬರೆದುಕೊಳ್ಳಲು ಅದಕ್ಕೆ ಅಡ್ಡಿಯೇನು? ಆದರೆ ಈ ವೃತ್ತಿಯಲ್ಲಿ ಪಳಗಿದವರು ಎರಡಕ್ಕೂ ಕೂಡದೆನ್ನುತ್ತಾರೆ. ಸಾಧನದ ಮೆಮೊರಿಯನ್ನು ಬರಿಯ ಪಾಯಿಂಟರಿನಿಂದ ಮುಟ್ಟತಕ್ಕದ್ದಲ್ಲ, ಅದಕ್ಕೆಂದೇ ಗೊತ್ತುಮಾಡಿದ ಫಂಕ್ಷನ್‌ಗಳ ಮೂಲಕ ಮುಟ್ಟಬೇಕು. ಕಡತವನ್ನಂತೂ ಕರ್ನೆಲ್‌ನೊಳಗಿಂದ ಬರೆಯತಕ್ಕದ್ದೇ ಅಲ್ಲ, ಆ ಕೆಲಸ ಹೊರಗಿನ ಪ್ರೋಗ್ರಾಮಿಗೆ ಸೇರಿದ್ದು. ಕೇಳಿದವನಿಗೆ ಇದು ಬರಿಯ ಮಡಿವಂತಿಕೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಕಟ್ಟಳೆಗಳನ್ನು ಯಾವ ಸ್ಮೃತಿಕಾರನೂ ಒಂದೆಡೆ ಕುಳಿತು ವಿಧಿಸಿದ್ದಿಲ್ಲ. ಐವತ್ತು ವರ್ಷಗಳ ಅವಧಿಯಲ್ಲಿ ಒಂದೊಂದು ಯಂತ್ರವೂ ಒಂದೊಂದು ಅವಘಡವೂ ಕಲಿಸಿದ ಪಾಠಗಳು ಕೂಡಿ ಕಟ್ಟಳೆಯ ರೂಪವನ್ನು ತಾಳಿದುವು. ಆ ಪಾಠಗಳ ಕಾಲಕ್ರಮವನ್ನು ತಿಳಿಯದೆ ಕಟ್ಟಳೆಯ ಅರ್ಥವೂ ತಿಳಿಯುವುದಿಲ್ಲ.

ಅಮೆರಿಕದ ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಚಿಕ್ಕ ಗಣಕದ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಹುಟ್ಟುಹಾಕಿದರು. ಡೆನಿಸ್ ರಿಚಿ ಮೊದಲಾದವರು ಕೈಜೋಡಿಸಿದರು. ಸ್ವಲ್ಪ ಕಾಲದಲ್ಲಿಯೇ ವ್ಯವಸ್ಥೆಯು ಪಿಡಿಪಿ-11 ಎಂಬ ಹೊಸ ಯಂತ್ರಕ್ಕೆ ವರ್ಗವಾಯಿತು. ಅದರಲ್ಲಿದ್ದ ಮೆಮೊರಿ 24 ಕಿಲೋಬೈಟು ಮಾತ್ರ; ಅಷ್ಟರಲ್ಲಿಯೇ ಕರ್ನೆಲ್ಲೂ ಬಳಕೆದಾರನ ಪ್ರೋಗ್ರಾಮೂ ಬಾಳಬೇಕಾಗಿತ್ತು. ಸಾಧನಗಳನ್ನೂ ಕಡತಗಳ ಹಾಗೆಯೇ ಹೆಸರಿಟ್ಟು, ಅದೇ ಓದುವ ಬರೆಯುವ ಕ್ರಮದಿಂದ ಬಳಸಬಹುದೆಂಬುದು ಯುನಿಕ್ಸ್ ಕರ್ತರ ಮುಖ್ಯ ದರ್ಶನ. ಈ ದರ್ಶನವನ್ನು ಅವರು ಯಂತ್ರದ ಮೆಮೊರಿಗೂ ವಿಸ್ತರಿಸಿದರು. 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತ ಪ್ರಥಮ ಆವೃತ್ತಿಯ ಕೈಪಿಡಿಯಲ್ಲಿಯೇ ‘ಮೆಮ್’ ಎಂಬ ಸಾಧನ ಕಡತದ ವಿವರಣೆಯುಂಟು: ಅದರ ಬೈಟುಗಳಿಗೆ 0ಯಿಂದ 65,535ರವರೆಗೆ ಸಂಖ್ಯೆ, ಅದನ್ನು ತೆರೆದು ನಡೆಯುತ್ತಿರುವ ವ್ಯವಸ್ಥೆಯ ಒಡಲನ್ನೇ ಪರೀಕ್ಷಿಸಬಹುದು, ಬೇಕಾದರೆ ಅಲ್ಲಿಯೇ ತಿದ್ದಲೂಬಹುದು. ಇಲ್ಲದ ಮೆಮೊರಿಯ ವಿಳಾಸವನ್ನು ಮುಟ್ಟಿದರೆ ವ್ಯವಸ್ಥೆ ಕುಸಿದು ಮತ್ತೆ ಮೊದಲಿನಿಂದ ಆರಂಭವಾಗುವುದೆಂಬ ದೋಷವನ್ನೂ ಆ ಕೈಪಿಡಿ ನಿಸ್ಸಂಕೋಚವಾಗಿ ಒಪ್ಪಿಕೊಂಡಿತು. ಬಳಸುವವರೂ ಬರೆದವರೂ ಒಂದೇ ಕೊಠಡಿಯಲ್ಲಿದ್ದ ಕಾಲವದು. ಆ ಮಟ್ಟದ ವಿಶ್ವಾಸಕ್ಕೆ ಆಗ ಆಧಾರವಿತ್ತು.

ಆದರೆ ಪಿಡಿಪಿ-11 ಯಂತ್ರದಲ್ಲಿ ವಿಳಾಸವೆಂದರೆ ಮೆಮೊರಿಯೇ ಆಗಬೇಕೆಂಬ ನಿಯಮವಿರಲಿಲ್ಲ. ಸಾಧನಗಳೊಡನೆ ಮಾತನಾಡಲು ಪ್ರತ್ಯೇಕ ಆದೇಶಗಳನ್ನು ಅದರ ನಿರ್ಮಾತೃಗಳು ಕೊಡಲಿಲ್ಲ. ಯುನಿಬಸ್ ಎಂಬ ಒಂದೇ ಹಾದಿಯ ಮೇಲೆ ಮೆಮೊರಿಯನ್ನೂ ಸಾಧನಗಳ ರಿಜಿಸ್ಟರುಗಳನ್ನೂ ಸಾಲಾಗಿ ಕೂರಿಸಿ, ವಿಳಾಸಗಳ ತುತ್ತತುದಿಯ ಭಾಗವನ್ನು ಸಾಧನಗಳಿಗೆ ಮೀಸಲಿಟ್ಟರು. ಎಂಟರ ಮಾನದಲ್ಲಿ ಬರೆದರೆ 177560 ಎಂಬ ವಿಳಾಸದಲ್ಲಿ ಕನ್ಸೋಲಿನ ಕೀಲಿಮಣೆಯ ಸ್ಥಿತಿಯನ್ನು ತಿಳಿಸುವ ರಿಜಿಸ್ಟರೂ, 177562ರಲ್ಲಿ ಒತ್ತಿದ ಅಕ್ಷರವೂ, 177566ರಲ್ಲಿ ಮುದ್ರಿಸಬೇಕಾದ ಅಕ್ಷರವನ್ನು ಇರಿಸುವ ಸ್ಥಾನವೂ ಇದ್ದುವು. ಬಳಕೆದಾರನು ಒಂದು ಕೀಲಿಯನ್ನೊತ್ತಿದೊಡನೆ ಸ್ಥಿತಿಯ ರಿಜಿಸ್ಟರಿನಲ್ಲಿ ‘ಸಿದ್ಧ’ವೆಂಬ ಒಂದು ಬಿಟ್ ಮೇಲೇಳುವುದು, ಪ್ರೋಗ್ರಾಮು 177562ನ್ನು ಓದಿದೊಡನೆ ಆ ಬಿಟ್ ತಾನಾಗಿ ಕೆಳಗಿಳಿಯುವುದು. ಎಂದರೆ ಓದುವ ಕ್ರಿಯೆಯೇ ಓದಲ್ಪಡುವ ವಸ್ತುವಿನ ಸ್ಥಿತಿಯನ್ನು ಬದಲಿಸಿತು. ಉಗ್ರಾಣದಲ್ಲಿ ಒಂದೇ ಆಕಾರದ ಗಡಿಗೆಗಳನ್ನು ಸಾಲಾಗಿಟ್ಟು, ಅವುಗಳಲ್ಲಿ ಹೆಚ್ಚಿನವುಗಳ ಮುಚ್ಚಳ ತೆಗೆದರೆ ಧಾನ್ಯ ಕಾಣುವಂತೆಯೂ ಕೆಲವುಗಳ ಮುಚ್ಚಳ ತೆಗೆದೊಡನೆ ಊರಾಚೆಯ ಕೆರೆಯ ತೂಬು ಮೇಲೆದ್ದು ನೀರು ಹರಿಯುವಂತೆಯೂ ಯಾರಾದರೂ ಏರ್ಪಡಿಸಿದರೆ, ಎಣಿಕೆ ಮಾಡಲು ಬಂದ ಶಾನುಭೋಗನ ಅವಸ್ಥೆ ಏನಾಗುವುದೋ ಅದೇ ಅವಸ್ಥೆ ಇಂಥ ಯಂತ್ರದಲ್ಲಿ ಪಾಯಿಂಟರ್ ಹಿಡಿದು ಹೊರಟವನದು. ಪಿಡಿಪಿ-11ರಲ್ಲಿ ಈ ಅಪಾಯ ಚಿಕ್ಕದಾಗಿತ್ತು. ಸಾಧನಗಳು ಕೆಲವೇ, ಅವುಗಳ ವಿಳಾಸಗಳೂ ಕಂಠಪಾಠವಾಗಿದ್ದುವು.

ಇಪ್ಪತ್ತು ವರ್ಷಗಳ ತರುವಾಯ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ತಮ್ಮ 386 ಯಂತ್ರಕ್ಕಾಗಿ ಲಿನಕ್ಸನ್ನು ಬರೆದು 1991ರ ಸೆಪ್ಟೆಂಬರಿನಲ್ಲಿ 0.01 ಆವೃತ್ತಿಯನ್ನು ಹೊರತಂದಾಗ ಅದರಲ್ಲಿಯೂ ಇದೇ ಮುಗ್ಧ ವಿಶ್ವಾಸವಿತ್ತು. ಐಬಿಎಂ ಪಿಸಿಯ ಬಣ್ಣದ ಪರದೆಯ ಮೆಮೊರಿ ಹದಿನಾರರ ಮಾನದಲ್ಲಿ ಬಿ8000 ಎಂಬ ವಿಳಾಸದಿಂದ ಮೊದಲಾಗುತ್ತದೆ. 25 ಸಾಲು, ಸಾಲಿಗೆ 80 ಅಕ್ಷರ, ಅಕ್ಷರಕ್ಕೆ ಎರಡು ಬೈಟು: ಮೊದಲನೆಯದು ಅಕ್ಷರದ ಸಂಕೇತ, ಎರಡನೆಯದು ಅದರ ಬಣ್ಣ. ಆ ವಿಳಾಸದಲ್ಲಿ 65ನ್ನೂ ಅದರ ಮಗ್ಗುಲಲ್ಲಿ 7ನ್ನೂ ಇರಿಸಿದರೆ ಪರದೆಯ ಎಡಮೂಲೆಯಲ್ಲಿ ಕಪ್ಪು ನೆಲದ ಮೇಲೆ ಬೂದುಬಣ್ಣದ ‘ಎ’ ಅಕ್ಷರ ಮೂಡುವುದು. ಲಿನಕ್ಸಿನ ಮೊದಲ ಕನ್ಸೋಲ್ ಡ್ರೈವರು ಮಾಡಿದ್ದು ಇದನ್ನೇ. ನಡುವೆ ಯಾವ ಫಂಕ್ಷನ್ನೂ ಇರಲಿಲ್ಲ, ಯಾವ ಅನುಮತಿಯೂ ಬೇಕಿರಲಿಲ್ಲ. ಸಾಧನವೂ ಕಡತವೂ ಒಂದೇ ಎಂಬ ಯುನಿಕ್ಸ್ ತತ್ತ್ವದ ಬಿಸಿ ಟೊರ್ವಾಲ್ಡ್ಸರಿಗೆ ಆ ದಿನಗಳಲ್ಲಿಯೇ ತಟ್ಟಿತು. ಮೋಡೆಮ್ಮಿಗೆ ಕಳುಹಿಸಬೇಕಾಗಿದ್ದ ದೂರವಾಣಿ ಕರೆಯ ಆದೇಶಗಳನ್ನು ಅಕಸ್ಮಾತ್ತಾಗಿ ಹಾರ್ಡ್‌ಡಿಸ್ಕಿನ ಸಾಧನ ಕಡತಕ್ಕೆ ಬರೆದು, ತಾವು ಅದುವರೆಗೆ ಆಶ್ರಯಿಸಿದ್ದ ಮಿನಿಕ್ಸ್ ವ್ಯವಸ್ಥೆಯ ಭಾಗವನ್ನು ಕೆಡಿಸಿಕೊಂಡದ್ದನ್ನು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. ಹೆಸರು ಹೇಳಿದ ಕಡೆಗೆ ಬೈಟುಗಳನ್ನು ಸುರಿಯುವುದಷ್ಟೇ ವ್ಯವಸ್ಥೆಯ ಧರ್ಮವಾಗಿರುವಾಗ, ಆ ಹೆಸರಿನ ಹಿಂದೆ ಏನಿದೆಯೆಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ.

ನೇರ ಪಾಯಿಂಟರಿನ ಯುಗಕ್ಕೆ ಮುಕ್ತಾಯ ಹಾಡಿದುದು ಆಲ್ಫಾ ಯಂತ್ರ. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ 1992ರಲ್ಲಿ ಹೊರತಂದ ಈ ಪ್ರೊಸೆಸರಿನ ಮೇಲೆ ಲಿನಕ್ಸನ್ನು ಓಡಿಸುವ ಕೆಲಸಕ್ಕೆ ಟೊರ್ವಾಲ್ಡ್ಸರೇ ಕೈಹಾಕಿದರು. ಅದರ ಫಲ 1995ರ ಹೊತ್ತಿಗೆ ಕಾಣಿಸಿಕೊಂಡಿತು. ಮೊದಲ ಪೀಳಿಗೆಯ ಆಲ್ಫಾಗಳಲ್ಲಿ ಒಂದೇ ಒಂದು ಬೈಟನ್ನು ಪ್ರತ್ಯೇಕವಾಗಿ ಓದುವ ಅಥವಾ ಬರೆಯುವ ಆದೇಶವೇ ಇರಲಿಲ್ಲ; 32 ಬಿಟ್ ಇಲ್ಲವೆ 64 ಬಿಟ್, ಅದಕ್ಕಿಂತ ಕಿರಿದಾದುದು ಅದಕ್ಕೆ ಅಗ್ರಾಹ್ಯ. ಸಾಧಾರಣ ಮೆಮೊರಿಯಲ್ಲಿ ಇದು ತೊಡಕಲ್ಲ: ನಾಲ್ಕು ಬೈಟು ಓದಿ, ಒಂದನ್ನು ತಿದ್ದಿ, ನಾಲ್ಕನ್ನೂ ಮರಳಿ ಇರಿಸಿದರಾಯಿತು. ಆದರೆ ಓದಿದ ಮಾತ್ರಕ್ಕೆ ಸ್ಥಿತಿ ಬದಲಾಗುವ ರಿಜಿಸ್ಟರುಗಳ ವಿಷಯದಲ್ಲಿ ನೆರೆಯ ಮೂರನ್ನು ಮುಟ್ಟುವುದು ಅನರ್ಥಕ್ಕೆ ದಾರಿ. ಆದಕಾರಣ ಆ ಯಂತ್ರಗಳಲ್ಲಿ ಬೇಕಾದ ಬೈಟಿನ ಅಳತೆಯನ್ನು ವಿಳಾಸದ ಬಿಟ್ಟುಗಳಲ್ಲಿಯೇ ಸಂಕೇತಿಸಿ ಕಳುಹಿಸುವ ಏರ್ಪಾಡಿತ್ತು. ಇಂಥ ಯಂತ್ರದಲ್ಲಿಯೂ ಪಿಸಿಯಲ್ಲಿಯೂ ಒಂದೇ ಡ್ರೈವರು ನಡೆಯಬೇಕಾದರೆ ಪಾಯಿಂಟರನ್ನು ನೇರವಾಗಿ ಬಳಸುವಂತಿಲ್ಲ. ರೀಡ್‌ಬಿ, ರೀಡ್‌ಎಲ್, ರೈಟ್‌ಎಲ್ ಎಂಬ ಫಂಕ್ಷನ್‌ಗಳ ಮರೆಯಲ್ಲಿ ಆಯಾ ಯಂತ್ರದ ರಹಸ್ಯವನ್ನು ಅಡಗಿಸಿಡಬೇಕು.

ಈ ಫಂಕ್ಷನ್‌ಗಳು ಒಮ್ಮೆ ಬಂದಮೇಲೆ ಇತರ ಉಪದ್ರವಗಳಿಗೂ ಅವೇ ಪರಿಹಾರವಾದುವು. ಒಂದೇ ವಿಳಾಸವನ್ನು ಎರಡು ಸಲ ಓದುವುದು ವ್ಯರ್ಥವೆಂದು ಭಾವಿಸಿ ಕಂಪೈಲರು ಎರಡನೆಯ ಓದನ್ನು ಕೈಬಿಡುವುದುಂಟು. ಪ್ರೊಸೆಸರು ಬರವಣಿಗೆಗಳ ಅನುಕ್ರಮವನ್ನು ಪಲ್ಲಟಗೊಳಿಸುವುದುಂಟು. 1992ರಲ್ಲಿ ಬಂದ ಪಿಸಿಐ ಹಾದಿಯಲ್ಲಂತೂ, ಬರೆದ ಮೌಲ್ಯ ಸಾಧನವನ್ನು ಮುಟ್ಟುವ ಮೊದಲೇ ನಡುವಣ ಸೇತುವೆಯಲ್ಲಿ ತಂಗಿ ನಿಲ್ಲುವುದುಂಟು, ಅದನ್ನು ಮುಂದಕ್ಕೆ ನೂಕಲು ಅದೇ ಸಾಧನದಿಂದ ಒಮ್ಮೆ ಓದಬೇಕಾಗುವುದು. ಸಾಧನದ ಭೌತಿಕ ವಿಳಾಸವನ್ನು ಕರ್ನೆಲ್‌ನ ವಿಳಾಸಗಳ ಸೀಮೆಯೊಳಕ್ಕೆ ತಂದು, ಸಾಮಾನ್ಯವಾಗಿ ಕ್ಯಾಷೆಯ ಹಂಗಿಲ್ಲದಂತೆ ಒದಗಿಸುವ ಐಓರೀಮ್ಯಾಪ್ ಎಂಬ ವಿಧಿಯೂ ಸೇರಿತು. ಇಷ್ಟಾದರೂ ಪಿಸಿಯ ಅಭ್ಯಾಸಬಲದಿಂದ ನೇರವಾಗಿ ಮುಟ್ಟುವವರು ಮುಟ್ಟುತ್ತಲೇ ಇದ್ದರು. 2003ರಲ್ಲಿ ಟೊರ್ವಾಲ್ಡ್ಸ್ ‘ಸ್ಪಾರ್ಸ್’ ಎಂಬ ಪರೀಕ್ಷಕ ಪ್ರೋಗ್ರಾಮನ್ನು ಬರೆಯತೊಡಗಿ, ಮರುವರ್ಷ ಸಾಧನದ ವಿಳಾಸಗಳಿಗೆ ‘ಐಓಮೆಮ್’ ಎಂಬ ಮುದ್ರೆಯನ್ನು ಏರ್ಪಡಿಸಿದ ಮೇಲೆ, ಆ ಮುದ್ರೆಯುಳ್ಳ ಪಾಯಿಂಟರನ್ನು ನೇರವಾಗಿ ಬಳಸಿದರೆ ಪರೀಕ್ಷಕನು ಆಕ್ಷೇಪಿಸುವಂತಾಯಿತು. ಹಿರಿಯರ ಬಾಯಿಮಾತಾಗಿದ್ದ ಕಟ್ಟಳೆಯನ್ನು ಯಂತ್ರವೇ ಕಾಯುವ ಕಾಲ ಬಂದಿತು.

ಈ ಕಾವಲೂ ಸಾಲದೆಂಬುದನ್ನು 2008ರ ಶರತ್ಕಾಲದ ಒಂದು ಪ್ರಸಂಗ ತೋರಿಸಿಕೊಟ್ಟಿತು. ಆ ವರ್ಷ 2.6.27 ಆವೃತ್ತಿಯ ಪೂರ್ವಸಿದ್ಧತೆಯ ಕರ್ನೆಲ್‌ಗಳನ್ನು ಓಡಿಸಿ ನೋಡುತ್ತಿದ್ದವರಲ್ಲಿ ಕೆಲವರ ಇಂಟೆಲ್ ನೆಟ್‌ವರ್ಕ್ ಸಾಧನಗಳು ಹಠಾತ್ತಾಗಿ ನಿಷ್ಪ್ರಯೋಜಕವಾಗತೊಡಗಿದುವು. ಇ1000ಇ ಎಂಬ ಡ್ರೈವರಿನ ಆಳ್ವಿಕೆಗೊಳಪಟ್ಟ ಆ ಸಾಧನಗಳೊಳಗೆ, ಅವುಗಳ ಗುರುತು ಮೊದಲಾದ ವಿವರಗಳನ್ನು ಶಾಶ್ವತವಾಗಿ ಬರೆದಿಟ್ಟ ಮೆಮೊರಿಯೇ ಕಲುಷಿತವಾಗಿದ್ದಿತು. ಗಣಕವನ್ನು ಆರಿಸಿ ಹೊತ್ತಿಸಿದರೂ, ಹಳೆಯ ಕರ್ನೆಲ್ಲಿಗೆ ಮರಳಿದರೂ ಪ್ರಯೋಜನವಿಲ್ಲ. ಸಂಶಯ ಮೊದಲು ಡ್ರೈವರಿನ ಮೇಲೆಯೂ, ಬಳಿಕ ಪರದೆಯನ್ನು ನಡೆಸುವ ಎಕ್ಸ್ ಸರ್ವರಿನ ಮೇಲೆಯೂ ಹರಿಯಿತು. ನಿಜವಾದ ಅಪರಾಧಿಯಾದರೋ ಇವೆರಡಕ್ಕೂ ಸಂಬಂಧವಿಲ್ಲದ ‘ಎಫ್‌ಟ್ರೇಸ್’ ಎಂಬ ಶೋಧನ ಸಲಕರಣೆ.

ಅದು ನಡೆದ ಬಗೆ ಹೀಗೆ. ಕರ್ನೆಲ್‌ನೊಳಗೆ ಯಾವ ಫಂಕ್ಷನ್ ಯಾವಾಗ ನಡೆಯಿತೆಂಬುದನ್ನು ಎಫ್‌ಟ್ರೇಸ್ ಗುರುತಿಸಿಕೊಂಡು, ಆ ಫಂಕ್ಷನ್‌ಗಳ ಆರಂಭದ ಕೆಲವು ಬೈಟುಗಳನ್ನು ಅನಂತರ ನಿಧಾನವಾಗಿ ತಿದ್ದುತ್ತಿದ್ದಿತು. ಮಾಡ್ಯೂಲು ಮೊದಲಾಗುವಾಗ ಒಮ್ಮೆ ಮಾತ್ರ ಬೇಕಾಗುವ ಫಂಕ್ಷನ್‌ಗಳು ನೆಲಸಿದ್ದ ಮೆಮೊರಿಯನ್ನು, ಅವುಗಳ ಕೆಲಸ ತೀರಿದಮೇಲೆ, ಕರ್ನೆಲ್ಲು ಬಿಡುಗಡೆ ಮಾಡಿಬಿಡುವುದು. ಆದರೆ ಎಫ್‌ಟ್ರೇಸಿನ ಪಟ್ಟಿಯಲ್ಲಿ ಆ ಹಳೆಯ ವಿಳಾಸ ಹಾಗೆಯೇ ಉಳಿದಿರುತ್ತಿತ್ತು. ತೆರವಾದ ಅದೇ ವಿಳಾಸವನ್ನು ಐಓರೀಮ್ಯಾಪ್ ನೆಟ್‌ವರ್ಕ್ ಸಾಧನದ ಫ್ಲಾಷ್ ಮೆಮೊರಿಗೆ ಹಂಚಿಕೊಡುವ ಸಂಭವವಿದ್ದಿತು. ಎಫ್‌ಟ್ರೇಸು ಎಚ್ಚರಿಕೆಯಿಲ್ಲದ ಸಲಕರಣೆಯಲ್ಲ: ಅಲ್ಲಿ ತಾನು ನಿರೀಕ್ಷಿಸಿದ ಬೈಟುಗಳೇ ಇವೆಯೇ ಎಂದು ಹೋಲಿಸಿ ನೋಡಿ, ಹೊಂದಿದರೆ ಮಾತ್ರ ತಿದ್ದುವ ಆದೇಶವನ್ನೇ ಅದು ಬಳಸಿದ್ದುದು. ಆದರೆ ಇಂಟೆಲ್ ಪ್ರೊಸೆಸರಿನ ಆ ಆದೇಶ, ಹೋಲಿಕೆ ವಿಫಲವಾದರೂ, ಓದಿದ ಮೌಲ್ಯವನ್ನೇ ಅದೇ ಸ್ಥಾನಕ್ಕೆ ಮರಳಿ ಬರೆಯುತ್ತದೆ. ಸಾಧಾರಣ ಮೆಮೊರಿಯಲ್ಲಿ ಇದ್ದುದನ್ನೇ ಮತ್ತೆ ಬರೆಯುವುದು ಏನೂ ಮಾಡದಿರುವುದಕ್ಕೆ ಸಮ. ಸಾಧನದ ಮೆಮೊರಿಯಲ್ಲಿ ಬರವಣಿಗೆಯೆಂಬುದು ಯಾವಾಗಲೂ ಒಂದು ಆಜ್ಞೆ. ಅಕ್ಟೋಬರಿನಲ್ಲಿ 2.6.27 ಹೊರಬಂದ ಕೆಲವೇ ದಿನಗಳಲ್ಲಿ ಅದರ ಮೊದಲ ತಿದ್ದುಪಡಿಯಲ್ಲಿ ಎಫ್‌ಟ್ರೇಸಿನ ಆ ಅಂಗವನ್ನು ನಿಷ್ಕ್ರಿಯಗೊಳಿಸಿದರು. ಡ್ರೈವರಿನಲ್ಲಿಯೂ ಆ ಮೆಮೊರಿಗೆ ಬರವಣಿಗೆಯ ತಡೆಯನ್ನು ಹಾಕಿದರು. ಎಫ್‌ಟ್ರೇಸಿನ ಕರ್ತೃ ಸ್ಟೀವನ್ ರೋಸ್ಟೆಡ್ ಅದರ ರಚನೆಯನ್ನೇ ಬದಲಿಸಿ, ತಿದ್ದಬೇಕಾದ ಸ್ಥಾನಗಳನ್ನು ಕಂಪೈಲ್ ಮಾಡುವ ಕಾಲದಲ್ಲಿಯೇ ನಿರ್ಧರಿಸುವಂತೆ ಮಾಡಿದರು. ಮೂರು ಮಂದಿ ಸಜ್ಜನರು ತಂತಮ್ಮ ಕೆಲಸವನ್ನು ಕ್ರಮವಾಗಿಯೇ ಮಾಡಿದ್ದಾಗಲೂ ವಿಳಾಸವೊಂದರ ಒಡೆತನ ಕೈಬದಲಾದ ಸುದ್ದಿ ಒಬ್ಬನಿಗೆ ಮುಟ್ಟದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯಲಾರದು.

ಇನ್ನು ಕಡತದ ಮಾತು. 386 ಯಂತ್ರದಲ್ಲಿ ಕರ್ನೆಲ್ಲಿಗೊಂದು ವಿಭಾಗ, ಬಳಕೆದಾರನಿಗೊಂದು ವಿಭಾಗ ಎಂದು ಮೆಮೊರಿಯನ್ನು ಬೇರ್ಪಡಿಸಿ, ಬಳಕೆದಾರನ ವಿಭಾಗದ ಕಡೆಗೆ ಎಫ್‌ಎಸ್ ಎಂಬ ರಿಜಿಸ್ಟರನ್ನು ತಿರುಗಿಸಿಟ್ಟುಕೊಳ್ಳುವುದು ಲಿನಕ್ಸಿನ ಮೊದಲ ಏರ್ಪಾಡು. ಕಡತವನ್ನು ಬರೆಯುವ ವಿಧಿಗಳು ಬೈಟುಗಳನ್ನು ಎಫ್‌ಎಸ್ ತೋರಿಸಿದೆಡೆಯಿಂದ ಎತ್ತಿಕೊಳ್ಳುತ್ತಿದ್ದುವು. ಬರೆಯಬೇಕಾದ ಬೈಟುಗಳು ಕರ್ನೆಲ್‌ನ ಒಡಲಲ್ಲಿಯೇ ಇದ್ದರೆ? ಸೆಟ್‌ಎಫ್‌ಎಸ್ ಎಂಬ ಫಂಕ್ಷನ್ನಿನಿಂದ ಆ ರಿಜಿಸ್ಟರನ್ನು ತಾತ್ಕಾಲಿಕವಾಗಿ ಕರ್ನೆಲ್‌ನ ಕಡೆಗೆ ತಿರುಗಿಸಿ, ಕೆಲಸ ಮುಗಿದಮೇಲೆ ಮೊದಲಿನಂತೆ ಇರಿಸುವುದು. 1996ರಲ್ಲಿ ಮೊದಲಾದ 2.1 ಸರಣಿಯಲ್ಲಿ ಎಫ್‌ಎಸ್ ರಿಜಿಸ್ಟರಿನ ಬಳಕೆಯೇ ನಿಂತಿತು; ಆದರೆ ಹೆಸರು ಉಳಿಯಿತು, ಅದರೊಡನೆ ಪ್ರಯೋಗವೂ ಉಳಿಯಿತು. ಈಗ ಅದು ಬದಲಿಸುತ್ತಿದ್ದುದು ಯಾವ ವಿಳಾಸದವರೆಗೆ ಬಳಕೆದಾರನಿಗೆ ಪ್ರವೇಶ ಸಲ್ಲುವುದೆಂಬ ಎಲ್ಲೆಯನ್ನು. ಎಲ್ಲೆಯನ್ನು ಎತ್ತು, ಕಡತವನ್ನು ಬರೆ, ಎಲ್ಲೆಯನ್ನು ಮರಳಿ ಇಳಿಸು ಎಂಬ ಮೂರು ಹೆಜ್ಜೆಗಳ ಮಂತ್ರ ಡ್ರೈವರ್ ಬರೆಯುವವರ ನಡುವೆ ಕೈಯಿಂದ ಕೈಗೆ ಹರಿದಾಡಿತು.

2005ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ‘ಲಿನಕ್ಸ್ ಜರ್ನಲ್’ ಪತ್ರಿಕೆಯಲ್ಲಿ ಕರ್ನೆಲ್‌ನೊಳಗೆ ಮಾಡಬಾರದ ಕೆಲಸವೆಂದು ಇದನ್ನೇ ವಿವರಿಸಿ, ಮಾಡುವ ಕ್ರಮವನ್ನೂ ತೋರಿಸಿ, ಮಾಡಬೇಡಿರೆಂದು ಬುದ್ಧಿ ಹೇಳಿದರು. ಈ ನಿಷೇಧದ ಹಿಂದಿನ ಕಾರಣಗಳು ವಿಚಾರಯೋಗ್ಯವಾದುವು. ಕಡತದ ಹೆಸರನ್ನು ಡ್ರೈವರಿನಲ್ಲಿ ಬರೆದಿಟ್ಟರೆ, ಆ ಹೆಸರಿನ ಕೋಶ ಎಲ್ಲ ಗಣಕಗಳಲ್ಲಿಯೂ ಇರಬೇಕೆಂಬ ನಿಯಮವೆಲ್ಲಿ? ಡಿಸ್ಕು ಇನ್ನೂ ಜೋಡಣೆಗೊಳ್ಳುವ ಮೊದಲೇ ಡ್ರೈವರು ಎಚ್ಚೆತ್ತಿದ್ದರೆ? ಯಾವ ಬಳಕೆದಾರನ ಅಧಿಕಾರದಿಂದ ಆ ಕಡತ ಹುಟ್ಟಬೇಕು? ಡಿಸ್ಕು ತುಂಬಿದ್ದರೆ ಯಾರಿಗೆ ತಿಳಿಸಬೇಕು? ಸಾಧನವು ಇಂಟರಪ್ಟಿನ ಮೂಲಕ ಕೂಗಿ ಕರೆದ ಗಳಿಗೆಯಲ್ಲಿ ಕರ್ನೆಲ್ಲು ಕಾದು ನಿಲ್ಲುವಂತಿಲ್ಲ. ಕಡತದ ಬರವಣಿಗೆಯಾದರೋ ಕಾಯದೆ ಆಗತಕ್ಕದ್ದಲ್ಲ. ಸಾಮರ್ಥ್ಯವನ್ನು ಒದಗಿಸುವುದು ಕರ್ನೆಲ್‌ನ ಧರ್ಮ, ಅದನ್ನು ಎಲ್ಲಿ ಹೇಗೆ ಬಳಸಬೇಕೆಂದು ನಿರ್ಣಯಿಸುವುದು ಬಳಕೆದಾರನ ಧರ್ಮ ಎಂಬ ವಿಭಾಗವನ್ನು ಈ ಪ್ರಶ್ನೆಗಳೇ ಸ್ಥಾಪಿಸಿದುವು.

ಬುದ್ಧಿಮಾತಿಗಿಂತ ಗಟ್ಟಿಯಾದ ಪ್ರಮಾಣ 2010ರಲ್ಲಿ ಬಂದಿತು. ಎಲ್ಲೆಯನ್ನು ಎತ್ತಿ ಇನ್ನೂ ಇಳಿಸದಿರುವ ಆ ಕ್ಷಣದಲ್ಲಿ ಕರ್ನೆಲ್‌ನಲ್ಲಿ ದೋಷವೊಂದು ತಲೆದೋರಿ ಪ್ರೋಗ್ರಾಮು ಮರಣಹೊಂದಿದರೆ, ಅದರ ಉತ್ತರಕ್ರಿಯೆಯ ಅಂಗವಾಗಿ ಬಳಕೆದಾರನೇ ಮೊದಲು ಸೂಚಿಸಿಟ್ಟಿದ್ದ ವಿಳಾಸವೊಂದಕ್ಕೆ ಸೊನ್ನೆಯನ್ನು ಬರೆಯುವ ಪದ್ಧತಿಯುಂಟು. ಎಲ್ಲೆ ಎತ್ತಿದ್ದಂತೆಯೇ ಇದ್ದುದರಿಂದ ಆ ವಿಳಾಸ ಕರ್ನೆಲ್‌ನ ಒಡಲೊಳಗಿನದಾಗಿದ್ದರೂ ತಡೆಯಿಲ್ಲದೆ ಸೊನ್ನೆ ಬೀಳುವುದೆಂದು ನೆಲ್ಸನ್ ಎಲ್ಹೇಜ್ ತೋರಿಸಿದರು. ಯಃಕಶ್ಚಿತ್ ಬಳಕೆದಾರನೊಬ್ಬನು ಇದನ್ನು ಹಿಡಿದು ವ್ಯವಸ್ಥೆಯ ಸರ್ವಾಧಿಕಾರಕ್ಕೇರಬಹುದಾಗಿದ್ದಿತು. ಆ ರಂಧ್ರವನ್ನು ಮುಚ್ಚಿದರೂ ಮೂಲವನ್ನು ಕೀಳಲು ಮತ್ತೂ ಹತ್ತು ವರ್ಷ ಹಿಡಿಯಿತು. ಕ್ರಿಸ್ಟೋಫ್ ಹೆಲ್‌ವಿಗ್ ಅವರ ಪರಿಶ್ರಮದಿಂದ 2020ರ ಡಿಸೆಂಬರಿನ 5.10 ಆವೃತ್ತಿಯಲ್ಲಿ ಇಂಟೆಲ್ ಮಾದರಿಯ ಯಂತ್ರಗಳಿಂದಲೂ, ಅರ್ನ್ಡ್ ಬರ್ಗ್‌ಮನ್ ಅವರ ಕೈಯಿಂದ 2022ರ ಮೇ ತಿಂಗಳ 5.18ರಲ್ಲಿ ಉಳಿದೆಲ್ಲ ಯಂತ್ರಗಳಿಂದಲೂ ಸೆಟ್‌ಎಫ್‌ಎಸ್ ನಿರ್ಗಮಿಸಿತು. 1991ರ ಯಂತ್ರದ ರಿಜಿಸ್ಟರೊಂದರ ಹೆಸರು ಅಷ್ಟು ಕಾಲ ಬದುಕಿದ್ದುದೇ ಸೋಜಿಗ.

ಮೆಮೊರಿಯನ್ನೇ ಕಡತವೆಂದು ತೋರಿಸಿದ ಯುನಿಕ್ಸಿನ ಹಳೆಯ ದ್ವಾರವೂ ಇದೇ ಅವಧಿಯಲ್ಲಿ ಕ್ರಮೇಣ ಮುಚ್ಚುತ್ತ ಬಂದಿತು. ನಡೆಯುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಕೊಡುವ ‘ಪಿಎಸ್’ ಎಂಬ ಸಾಧು ಆದೇಶವೂ ಹಿಂದೆ ಕರ್ನೆಲ್‌ನ ಮೆಮೊರಿಯನ್ನು ಈ ದ್ವಾರದಿಂದ ಇಣಿಕಿ ನೋಡಿಯೇ ತನ್ನ ಸುದ್ದಿಯನ್ನು ಸಂಗ್ರಹಿಸುತ್ತಿದ್ದಿತು. ಅದಕ್ಕೆ ಬದಲಾಗಿ ಪ್ರೋಗ್ರಾಮುಗಳನ್ನೇ ಕಡತಗಳಾಗಿ ತೋರಿಸುವ ಉಪಾಯವನ್ನು ಟಾಮ್ ಕಿಲಿಯನ್ 1984ರಲ್ಲಿ ಎಂಟನೆಯ ಆವೃತ್ತಿಯ ಯುನಿಕ್ಸಿಗಾಗಿ ರೂಪಿಸಿದರು. 1998ರಲ್ಲಿ ಸಿಲ್ವಿಯೋ ಸಿಸೇರ್ ಇದೇ ದ್ವಾರದಿಂದ, ಯಾವ ಮಾಡ್ಯೂಲನ್ನೂ ಸೇರಿಸದೆ, ನಡೆಯುತ್ತಿರುವ ಲಿನಕ್ಸ್ ಕರ್ನೆಲ್ಲನ್ನು ತಿದ್ದಬಹುದೆಂದು ವಿವರಿಸಿದ ಬಳಿಕ, ಕಳ್ಳತನದಿಂದ ಒಳಹೊಕ್ಕವರಿಗೆ ಅದು ರಾಜಮಾರ್ಗವಾಯಿತು. 2008ರಲ್ಲಿ, ಲಿನಕ್ಸಿನಲ್ಲಿ ‘ಡೆವ್‌ಮೆಮ್’ ಎನಿಸಿದ್ದ ಆ ಹಳೆಯ ‘ಮೆಮ್’ ಕಡತಕ್ಕೆ ನಿರ್ಬಂಧ ಬಂದು ಸಾಧಾರಣ ಮೆಮೊರಿಯ ಭಾಗವನ್ನು ಮುಚ್ಚಿಡುವ ಆಯ್ಕೆ ಏರ್ಪಟ್ಟಿತು, ‘ಡೆವ್‌ಕೆಮೆಮ್’ ಎಂಬ ಸೋದರ ಕಡತವನ್ನು 2021ರ 5.13 ಆವೃತ್ತಿಯಲ್ಲಿ ತೆಗೆದೇಹಾಕಿದರು.

ಹಾಗೆಂದು ಕಡತದ ಕಟ್ಟಳೆ ಎಂದೂ ಅಪವಾದರಹಿತವಾಗಿರಲಿಲ್ಲ. ಪ್ರೋಗ್ರಾಮು ಅಪಮೃತ್ಯುವಿಗೀಡಾದಾಗ ಅದರ ಮೆಮೊರಿಯ ಪ್ರತಿಯನ್ನು ‘ಕೋರ್’ ಎಂಬ ಕಡತವಾಗಿ ಸ್ವತಃ ಕರ್ನೆಲ್ಲೇ ಬರೆಯುವ ವಾಡಿಕೆ ಯುನಿಕ್ಸಿನಷ್ಟೇ ಹಳೆಯದು. 2006ರಿಂದ ಅದನ್ನೂ ಹೊರಗಿನ ಪ್ರೋಗ್ರಾಮೊಂದರ ಕೈಗೆ ಹರಿಸಲು ಅವಕಾಶವಾಯಿತು. ಇದಕ್ಕೆ ಪ್ರತಿಯಾಗಿ, ಸಾಧನಗಳಿಗೆ ತುಂಬಬೇಕಾದ ಫರ್ಮ್‌ವೇರನ್ನು ಬಹುಕಾಲ ಹೊರಗಿನ ಪ್ರೋಗ್ರಾಮಿನಿಂದಲೇ ತರಿಸಿಕೊಳ್ಳುತ್ತಿದ್ದ ಕರ್ನೆಲ್ಲು, ಆ ಏರ್ಪಾಡು ಗಣಕ ಎಚ್ಚೆತ್ತುಕೊಳ್ಳುವ ಹೊತ್ತಿನಲ್ಲಿ ಸಿಕ್ಕುಸಿಕ್ಕಾಗಿ ನಿಂತುಬಿಡುತ್ತಿದ್ದುದರಿಂದ, 2012ರ 3.7 ಆವೃತ್ತಿಯಲ್ಲಿ ಟೊರ್ವಾಲ್ಡ್ಸರ ಸ್ವಹಸ್ತದಿಂದಲೇ ಕಡತವನ್ನು ನೇರವಾಗಿ ಓದಿಕೊಳ್ಳತೊಡಗಿತು. ಇಲ್ಲಿ ಕಡತದ ಕೋಶ ಗೊತ್ತಾಗಿತ್ತು, ಅದನ್ನು ಅಲ್ಲಿ ಇರಿಸಿದವನು ಯಂತ್ರದ ಆಡಳಿತಗಾರನೇ ಆಗಿದ್ದನು, ಕರ್ನೆಲ್ಲು ಮಾಡಬೇಕಾಗಿದ್ದುದು ಓದು ಮಾತ್ರ. ನಿಷೇಧಕ್ಕೆ ಕಾರಣವಾದ ಸಂದೇಹಗಳು ಬಹುಪಾಲು ಇಲ್ಲಿಲ್ಲದುದರಿಂದ ನಿಷೇಧವೂ ಸಡಿಲವಾಯಿತು.

ಇಂದು ಡ್ರೈವರ್ ಬರೆಯುವವನು ಸಾಧನದ ರಿಜಿಸ್ಟರನ್ನು ರೀಡ್‌ಎಲ್ ಮೂಲಕ ಓದಿ, ‘ಡೀಬಗ್‌ಎಫ್‌ಎಸ್’ ಎಂಬ ಏರ್ಪಾಡಿನಲ್ಲಿ ಒಂದು ಹೆಸರಿಟ್ಟು ಆ ಮೌಲ್ಯವನ್ನು ತೋರಿಸಿದರೆ ಅವನ ಕರ್ತವ್ಯ ಮುಗಿಯಿತು. ಬೇಕಾದವನು ‘ಕ್ಯಾಟ್’ ಆದೇಶದಿಂದ ಅದನ್ನು ಓದಿ ತನಗೆ ಇಷ್ಟವಾದ ಕಡತಕ್ಕೆ ತಿರುಗಿಸಿಕೊಳ್ಳುತ್ತಾನೆ. ಹೆಸರು ಅವನದು, ಅಧಿಕಾರ ಅವನದು, ಡಿಸ್ಕು ತುಂಬಿದ ಸುದ್ದಿಯೂ ಅವನಿಗೇ ತಲುಪುವುದು. ವಿಳಾಸದ ಹಿಂದೆ ಇರುವ ವಸ್ತು ಯಾವುದು, ಬರವಣಿಗೆಯ ಹೊಣೆ ಹೊತ್ತವನು ಯಾವನು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿದ್ದಲ್ಲಿ ಕರ್ನೆಲ್‌ನ ಹಿರಿಯರು ತಮ್ಮ ಕಟ್ಟಳೆಯನ್ನು ತಾವೇ ಸಡಿಲಿಸಿದ್ದಾರೆ. ಉತ್ತರವಿಲ್ಲದಲ್ಲಿ ಮೂವತ್ತು ವರ್ಷ ನಡೆದುಬಂದ ವಾಡಿಕೆಯನ್ನೂ ಕಿತ್ತೊಗೆಯಲು ಹಿಂಜರಿದಿಲ್ಲ. ಹೊಸಬನು ಮೊದಲು ಕೇಳಿಕೊಳ್ಳಬೇಕಾದುವೂ ಆ ಎರಡೇ ಪ್ರಶ್ನೆಗಳು.